ರೇಡಾರ್ ಪರದೆಯಲ್ಲಿ ಸುಂಟರಗಾಳಿಯ ಕುರುಹುಗಳು

ಹವಾಮಾನ ರೇಡಾರಿಗೆ ಸುಂಟರಗಾಳಿ ನೇರವಾಗಿ ಕಾಣುವುದು ಅಪರೂಪ. ಬಹುಪಾಲು ಸುಂಟರಗಾಳಿಗಳ ಅಗಲ ಕೆಲವು ಹತ್ತು ಮೀಟರಿನಿಂದ ಕೆಲವು ನೂರು ಮೀಟರಿನವರೆಗೆ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಬಳಸುವ ರೇಡಾರಿನ ಕಿರಣವಾದರೋ 100 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಅಗಲಕ್ಕೆ ಹರಡಿರುತ್ತದೆ. ಅಷ್ಟು ಅಗಲದ ಕಿರಣದೊಳಗೆ ಇಡೀ ಸುಂಟರಗಾಳಿ ಅಡಗಿಹೋಗುತ್ತದೆ. ಪರದೆಯ ಮೇಲೆ ಓದಲು ಸಿಗುವುದು ಅದನ್ನು ಹುಟ್ಟಿಸುವ ಗುಡುಗುಮೋಡದ ಆಕಾರ, ಆ ಮೋಡದೊಳಗಿನ ಗಾಳಿಯ ಸುತ್ತಾಟ, ಕೆಲವೊಮ್ಮೆ ಸುಂಟರಗಾಳಿ ಮೇಲಕ್ಕೆತ್ತಿದ ಮನೆಮರಗಳ ಚೂರು. ಈ ಮೂರು ಬಗೆಯ ಕುರುಹುಗಳು ಸುಮಾರು ಅರವತ್ತು ವರ್ಷಗಳ ಅವಧಿಯಲ್ಲಿ, ರೇಡಾರ್ ತಂತ್ರ ಬೆಳೆದಂತೆ ಒಂದೊಂದಾಗಿ ಬಳಕೆಗೆ ಬಂದವು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಪೂರ್ಣ ನಂಬಿಕೆಗೆ ಅರ್ಹವಲ್ಲ. ಎತ್ತರ, ದೂರ ಮತ್ತು ಕಾಲವನ್ನು ಗಮನದಲ್ಲಿಟ್ಟುಕೊಂಡು ಒಂದನ್ನು ಇನ್ನೊಂದರ ಜೊತೆ ತಾಳೆ ನೋಡುವುದೇ ಈ ಓದಿನ ಮುಖ್ಯ ವಿಧಾನ.

ರೇಡಾರ್ ಅಳೆಯುವುದೇನು

ರೇಡಾರ್ ಸೂಕ್ಷ್ಮತರಂಗಗಳ ಚಿಕ್ಕ ಸ್ಪಂದವೊಂದನ್ನು ಹೊರಡಿಸಿ, ಮಳೆಹನಿ, ಆಲಿಕಲ್ಲು ಮುಂತಾದವುಗಳಿಗೆ ತಾಗಿ ಮರಳಿದ ಅಲ್ಪಾಂಶವನ್ನು ಹಿಡಿಯುತ್ತದೆ. ಅಲೆ ಹೋಗಿ ಬರಲು ತೆಗೆದುಕೊಂಡ ಸಮಯದಿಂದ ದೂರ ತಿಳಿಯುತ್ತದೆ. ಮರಳಿದ ಶಕ್ತಿಯ ಪ್ರಮಾಣದಿಂದ ಅಲ್ಲಿರುವ ಹನಿಗಳ ಗಾತ್ರ ಮತ್ತು ಸಂಖ್ಯೆಯ ಅಂದಾಜು ಸಿಗುತ್ತದೆ. ಈ ಪ್ರತಿಫಲನವನ್ನು ಡಿಬಿಝಡ್ ಎಂಬ ಮಾನದಲ್ಲಿ ಹೇಳುತ್ತಾರೆ. ಇದು ಲಾಗರಿತಮ್ ಅಳತೆಯಾದ್ದರಿಂದ 10 ಅಂಕ ಏರಿದರೆ ಪ್ರತಿಫಲನ ಹತ್ತು ಪಟ್ಟು ಹೆಚ್ಚಿದಂತೆ. ತುಂತುರು ಮಳೆ 20ರ ಆಸುಪಾಸಿನಲ್ಲಿದ್ದರೆ ಜಡಿಮಳೆ 50ರ ಸುತ್ತಮುತ್ತ ಇರುತ್ತದೆ. 60 ದಾಟಿದರೆ ಆಲಿಕಲ್ಲಿನ ಶಂಕೆ ಬಲವಾಗುತ್ತದೆ.

ಆಂಟೆನಾ ಒಂದು ವಾಲಿಕೆಯಲ್ಲಿ ಪೂರ್ತಿ ಸುತ್ತು ಹಾಕಿ, ವಾಲಿಕೆಯನ್ನು ತುಸು ಏರಿಸಿಕೊಂಡು ಮತ್ತೆ ಸುತ್ತುತ್ತದೆ. ಅಮೆರಿಕದಲ್ಲಿ ಬಿರುಮಳೆಯ ಹೊತ್ತಿಗೆ ಬಳಸುವ ಒಂದು ಕ್ರಮದಲ್ಲಿ 0.5 ಡಿಗ್ರಿಯಿಂದ 19.5 ಡಿಗ್ರಿಯವರೆಗೆ 14 ವಾಲಿಕೆಗಳಿದ್ದು, ಎಲ್ಲ ಮುಗಿಯಲು ಸುಮಾರು ನಾಲ್ಕೂವರೆ ನಿಮಿಷ ಬೇಕು. ಹೀಗೆ ಮೋಡದ ಬುಡದಿಂದ ತುದಿಯವರೆಗಿನ ಪದರಗಳು ಸಿಗುತ್ತವೆ. ಕೆಳಗಿನ ಒಂದೇ ಪದರವನ್ನು ನೋಡಿ ತೀರ್ಮಾನಕ್ಕೆ ಬರುವವರು ಮೋಡದ ಮುಕ್ಕಾಲು ಕಥೆಯನ್ನು ಬಿಟ್ಟಂತಾಗುತ್ತದೆ.

ಸೂಪರ್‌ಸೆಲ್ ಎಂಬ ಮೋಡ

ಭೀಕರ ಸುಂಟರಗಾಳಿಗಳಲ್ಲಿ ಹೆಚ್ಚಿನವು ಹುಟ್ಟುವುದು ಸೂಪರ್‌ಸೆಲ್ ಎಂಬ ಬಗೆಯ ಗುಡುಗುಮೋಡದಲ್ಲಿ. ಸಾಮಾನ್ಯ ಗುಡುಗುಮೋಡದಲ್ಲಿ ಮೇಲೇರಿದ ಬಿಸಿ ಗಾಳಿಯ ಮೇಲೆಯೇ ಮಳೆ ಸುರಿದು, ಏರುಗಾಳಿ ತಣಿದು, ಒಂದು ಗಂಟೆಯೊಳಗೆ ಮೋಡದ ಆಯಸ್ಸು ತೀರುತ್ತದೆ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿನಿಂದ ಬೀಸುತ್ತಿದ್ದು, ಐದಾರು ಕಿಲೋಮೀಟರ್ ಮೇಲೆ ಇನ್ನೊಂದು ದಿಕ್ಕಿನಿಂದ ಬಹಳ ಜೋರಾಗಿ ಬೀಸುತ್ತಿದ್ದರೆ ಪರಿಸ್ಥಿತಿ ಬೇರೆಯಾಗುತ್ತದೆ. ಮಳೆ ಏರುಗಾಳಿಯಿಂದ ದೂರಕ್ಕೆ ಹೋಗಿ ಬೀಳುತ್ತದೆ. ಗಾಳಿಯ ಈ ವ್ಯತ್ಯಾಸದಿಂದ ಹುಟ್ಟಿದ ಅಡ್ಡ ಸುತ್ತನ್ನು ಏರುಗಾಳಿ ಎತ್ತಿ ನೆಟ್ಟಗೆ ನಿಲ್ಲಿಸುವುದರಿಂದ ಏರುಗಾಳಿಯೇ ತಿರುಗತೊಡಗುತ್ತದೆ. ಹೀಗೆ ತಿರುಗುವ ಏರುಗಾಳಿಗೆ ಮೀಸೊಸೈಕ್ಲೋನ್ ಎಂದು ಹೆಸರು. ಇಂಥ ಮೋಡ ಗಂಟೆಗಟ್ಟಲೆ ಬಾಳುತ್ತದೆ. ರೇಡಾರಿನಲ್ಲಿ ಕಾಣುವ ಕುರುಹುಗಳಲ್ಲಿ ಹೆಚ್ಚಿನವು ಈ ರಚನೆಯ ಒಂದೊಂದು ಮುಖ.

ಆಕಾರದ ಕುರುಹುಗಳು: ಕೊಕ್ಕೆ ಮತ್ತು ಟೊಳ್ಳು

ಸುಂಟರಗಾಳಿಗೂ ರೇಡಾರ್ ಚಿತ್ರಕ್ಕೂ ಇರುವ ನಂಟು ಮೊದಲು ದಾಖಲಾದದ್ದು 1953ರ ಏಪ್ರಿಲ್ 9ರಂದು, ಇಲಿನಾಯ್ ರಾಜ್ಯದ ಷಾಂಪೇನ್ ಬಳಿಯ ವಿಮಾನ ನಿಲ್ದಾಣದಲ್ಲಿ. ಇಲಿನಾಯ್ ರಾಜ್ಯ ಜಲ ಸಮೀಕ್ಷೆ ಸಂಸ್ಥೆ ಮಳೆಯನ್ನು ಅಳೆಯುವ ಪ್ರಯೋಗಕ್ಕಾಗಿ ಅಲ್ಲಿ ರೇಡಾರೊಂದನ್ನು ಇಟ್ಟಿತ್ತು. ಅದನ್ನು ಪರೀಕ್ಷಿಸುತ್ತಿದ್ದ ಡೊನಾಲ್ಡ್ ಸ್ಟ್ಯಾಗ್ಸ್ ಎಂಬ ತಂತ್ರಜ್ಞ, ಪರದೆಯಲ್ಲಿ ವಿಚಿತ್ರ ಆಕಾರವೊಂದು ಮೂಡುತ್ತಿರುವುದನ್ನು ಕಂಡು ಕ್ಯಾಮೆರಾದಲ್ಲಿ ಚಿತ್ರೀಕರಣ ಮುಂದುವರಿಸಿದ. ಮಳೆಯ ದೊಡ್ಡ ಪ್ರತಿಧ್ವನಿಯ ಹಿಂಬದಿಯಿಂದ ಸಣ್ಣ ಬಾಲವೊಂದು ಹೊರಬಂದು, ಬಾಗಿ, ಕೊಕ್ಕೆಯಾಗಿ ಸುತ್ತಿಕೊಂಡಿತು. ಕೊಕ್ಕೆಯ ಆ ಜಾಗದಲ್ಲೇ ಸುಂಟರಗಾಳಿ ಇತ್ತೆಂಬುದು ನೆಲದ ಮೇಲಿನ ಹಾನಿಯ ಜಾಡಿನಿಂದ ಆಮೇಲೆ ಖಚಿತವಾಯಿತು. ಸುಂಟರಗಾಳಿಗಳ ತೀವ್ರತೆಯನ್ನು ಅಳೆಯುವ ಮಾಪಕಕ್ಕೆ ಹೆಸರು ಕೊಟ್ಟ ಟೆಟ್ಸುಯಾ ಫುಜಿತಾ ಈ ಚಿತ್ರಗಳನ್ನು ಮುಂದೆ ವಿವರವಾಗಿ ವಿಶ್ಲೇಷಿಸಿದರು.

ಉತ್ತರ ಗೋಳಾರ್ಧದಲ್ಲಿ ಈಶಾನ್ಯದ ಕಡೆಗೆ ಸಾಗುವ ಸೂಪರ್‌ಸೆಲ್‌ನಲ್ಲಿ ಕೊಕ್ಕೆ ಸಾಮಾನ್ಯವಾಗಿ ನೈಋತ್ಯ ಮೂಲೆಯಲ್ಲಿ ಕಾಣುತ್ತದೆ. ಮೋಡದ ಹಿಂಬದಿಯಲ್ಲಿ ಕೆಳಗಿಳಿಯುವ ಗಾಳಿ ಮತ್ತು ಮೀಸೊಸೈಕ್ಲೋನ್ ಎರಡೂ ಸೇರಿ ಮಳೆಯ ಅಂಚನ್ನು ಏರುಗಾಳಿಯ ಸುತ್ತ ಎಳೆದು ತಂದಾಗ ಈ ಆಕಾರ ಮೂಡುತ್ತದೆ. ಕೊಕ್ಕೆಯ ಒಳಬದಿಯಲ್ಲಿ ಮಳೆಯಿಲ್ಲದ ಕೊರಕಲು ಇರುತ್ತದೆ. ಬೆಚ್ಚನೆಯ ತೇವದ ಗಾಳಿ ಮೋಡದೊಳಗೆ ನುಗ್ಗುವ ಬಾಗಿಲು ಅದೇ. ಕೊಕ್ಕೆಯ ತುದಿ, ಕೊರಕಲು, ಅವೆರಡರ ನಡುವಿನ ಗಡಿ ಎಷ್ಟು ಚೂಪಾಗಿವೆ ಎಂಬುದನ್ನು ಮುನ್ಸೂಚಕರು ಒಂದೊಂದು ಸುತ್ತಿನಲ್ಲೂ ಹೋಲಿಸಿ ನೋಡುತ್ತಾರೆ.

ಎರಡನೆಯ ಆಕಾರ ಕಾಣುವುದು ಮೇಲಿನ ಪದರಗಳಲ್ಲಿ. 1959ರ ಜುಲೈ 9ರಂದು ಇಂಗ್ಲೆಂಡಿನ ವೋಕಿಂಗ್‌ಹ್ಯಾಮ್ ಮೇಲೆ ಹಾದುಹೋದ ಆಲಿಕಲ್ಲಿನ ಬಿರುಮಳೆಯ ರೇಡಾರ್ ದಾಖಲೆಗಳನ್ನು ಕೀತ್ ಬ್ರೌನಿಂಗ್ ಮತ್ತು ಫ್ರ್ಯಾಂಕ್ ಲಡ್ಲಂ ಅಧ್ಯಯನ ಮಾಡಿದರು. ಮೋಡದ ನಡುವೆ ಸುತ್ತಲೂ, ತಲೆಯ ಮೇಲೂ ಬಲವಾದ ಪ್ರತಿಫಲನವಿದ್ದು, ಒಳಗೆ ಮಾತ್ರ ಬಹುತೇಕ ಖಾಲಿಯಿದ್ದ ಗುಮ್ಮಟದಂಥ ಭಾಗ ಅವರಿಗೆ ಕಂಡಿತು. ಅಲ್ಲಿ ಏರುಗಾಳಿ ಎಷ್ಟು ರಭಸದ್ದೆಂದರೆ, ರೇಡಾರಿಗೆ ಕಾಣುವಷ್ಟು ದೊಡ್ಡದಾಗಲು ಹನಿಗಳಿಗೆ ಸಮಯವೇ ಸಿಗುವುದಿಲ್ಲ. ಅಷ್ಟರಲ್ಲಿ ಅವು ಮೋಡದ ತುದಿಗೆ ಎಸೆಯಲ್ಪಟ್ಟಿರುತ್ತವೆ. ಈ ಟೊಳ್ಳು ಪ್ರಬಲವಾದ, ಗಟ್ಟಿಯಾಗಿ ನಿಂತ ಏರುಗಾಳಿಯ ಗುರುತು. ಸೂಪರ್‌ಸೆಲ್ ಎಂಬ ಹೆಸರನ್ನು 1960ರ ದಶಕದಲ್ಲಿ ಚಲಾವಣೆಗೆ ತಂದವರೂ ಬ್ರೌನಿಂಗ್ ಅವರೇ.

ಆಕಾರದ ಕುರುಹುಗಳಿಗೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಕೊಕ್ಕೆ ಇದ್ದೂ ಸುಂಟರಗಾಳಿ ಬಾರದ ಮೋಡಗಳು ಬಹಳ. ಎರಡನೆಯದಾಗಿ, ವಿಪರೀತ ಮಳೆ ಸುರಿಸುವ ಸೂಪರ್‌ಸೆಲ್‌ಗಳಲ್ಲಿ ಕೊಕ್ಕೆಯ ಜಾಗವೆಲ್ಲ ಮಳೆಯಿಂದ ತುಂಬಿ ಬರೀ ಉಬ್ಬಿದ ಗುಪ್ಪೆಯಾಗಿ ಕಾಣುತ್ತದೆ. ಸುಂಟರಗಾಳಿ ಆ ಗುಪ್ಪೆಯೊಳಗೆ ಇದ್ದರೂ ಆಕಾರದಿಂದ ಗೊತ್ತಾಗುವುದಿಲ್ಲ. ಮಳೆ ಹೇಗೆ ಹರಡಿದೆ ಎಂದು ಹೇಳುವ ರೇಡಾರಿಗೆ ಗಾಳಿ ಹೇಗೆ ಬೀಸುತ್ತಿದೆ ಎಂಬುದನ್ನೂ ಹೇಳುವ ಸಾಮರ್ಥ್ಯ ಬೇಕಾಯಿತು.

ವೇಗದ ಕುರುಹುಗಳು: ಎದುರುಬದುರು ಬಣ್ಣಗಳು

ಆ ಸಾಮರ್ಥ್ಯ ಡಾಪ್ಲರ್ ತತ್ತ್ವದಿಂದ ಬಂತು. ರೇಡಾರಿನ ಕಡೆಗೆ ಬರುವ ಹನಿಗಳಿಂದ ಮರಳಿದ ಅಲೆಯ ಆವರ್ತನ ತುಸು ಏರುತ್ತದೆ, ದೂರ ಸರಿಯುವ ಹನಿಗಳಿಂದ ಮರಳಿದ್ದು ತುಸು ಇಳಿಯುತ್ತದೆ. ವ್ಯತ್ಯಾಸ ಬಹಳ ಸೂಕ್ಷ್ಮ. 10 ಸೆಂಟಿಮೀಟರ್ ತರಂಗಾಂತರದ ರೇಡಾರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 300 ಕೋಟಿ ಬಾರಿ ಕಂಪಿಸುತ್ತದೆ. ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದ ಗಾಳಿ ಅದರಲ್ಲಿ ಉಂಟುಮಾಡುವ ಬದಲಾವಣೆ 500 ಕಂಪನ ಮಾತ್ರ. ಒಂದರ ಹಿಂದೊಂದು ಬರುವ ಸ್ಪಂದಗಳ ನಡುವಿನ ಹಂತದ ವ್ಯತ್ಯಾಸದಿಂದ ಇದನ್ನು ಲೆಕ್ಕ ಹಾಕುತ್ತಾರೆ.

ಸಾಮಾನ್ಯ ರೂಢಿಯಲ್ಲಿ ರೇಡಾರಿನತ್ತ ಬರುವ ಗಾಳಿಗೆ ಹಸಿರು, ದೂರ ಹೋಗುವ ಗಾಳಿಗೆ ಕೆಂಪು. ಉತ್ತರ ಗೋಳಾರ್ಧದ ಮೀಸೊಸೈಕ್ಲೋನ್‌ಗಳಲ್ಲಿ ಹೆಚ್ಚಿನವು ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತವೆ. ಹೀಗಾಗಿ ರೇಡಾರ್ ಇರುವ ಕಡೆಯಿಂದ ನೋಡಿದಾಗ ಎಡಕ್ಕೆ ಹಸಿರು, ಬಲಕ್ಕೆ ಕೆಂಪು ಅಕ್ಕಪಕ್ಕದಲ್ಲಿ, ಒಂದೇ ದೂರದಲ್ಲಿ ಕಾಣುತ್ತವೆ. ಈ ಜೋಡಿಯೇ ತಿರುಗುವಿಕೆಯ ಗುರುತು. ಅಕ್ಕಪಕ್ಕದ ಬದಲು ಒಂದರ ಹಿಂದೊಂದು ಇದ್ದರೆ ಅದರ ಅರ್ಥವೇ ಬೇರೆ. ಹಸಿರು ಹತ್ತಿರ, ಕೆಂಪು ಆಚೆ ಇದ್ದರೆ ಗಾಳಿ ಆ ಜಾಗದಿಂದ ಎರಡೂ ಕಡೆಗೆ ಚದುರುತ್ತಿದೆ ಎಂದರ್ಥ. ಮೋಡದಿಂದ ಕುಸಿದು ನೆಲಕ್ಕೆ ಬಡಿದು ಹರಡುವ ಗಾಳಿಯ ಲಕ್ಷಣ ಅದು.

ಮೀಸೊಸೈಕ್ಲೋನ್ ಸಾಮಾನ್ಯವಾಗಿ ಮೂರರಿಂದ ಹತ್ತು ಕಿಲೋಮೀಟರ್ ಅಗಲವಿರುತ್ತದೆ. ಹಾಗಾಗಿ ದೂರದ ರೇಡಾರಿಗೂ ಅದು ಸಿಗುತ್ತದೆ. ಅದರೊಳಗೆ ಇನ್ನೂ ಬಿಗಿಯಾದ ಗುರುತೊಂದು ಕಂಡದ್ದು 1973ರ ಮೇ 24ರಂದು ಒಕ್ಲಹೋಮದ ಯೂನಿಯನ್ ಸಿಟಿಯನ್ನು ಅಪ್ಪಳಿಸಿದ ಸುಂಟರಗಾಳಿಯಲ್ಲಿ. ನಾರ್ಮನ್ ನಗರದ ರಾಷ್ಟ್ರೀಯ ಬಿರುಗಾಳಿ ಪ್ರಯೋಗಾಲಯದ ಡಾಪ್ಲರ್ ರೇಡಾರ್ ಆ ಮೋಡವನ್ನು ಹುಟ್ಟಿನಿಂದ ಕೊನೆಯವರೆಗೆ ಹಿಡಿದಿತ್ತು. ದಾಖಲೆಗಳನ್ನು ಜಾಲಾಡಿದ ರೋಜರ್ ಬ್ರೌನ್, ಲೆಸ್ಲಿ ಲೆಮನ್ ಮತ್ತು ಡೊನಾಲ್ಡ್ ಬರ್ಜೆಸ್, ಒಂದಕ್ಕೊಂದು ಅಂಟಿಕೊಂಡ ಕಿರಣಗಳಲ್ಲಿ ಗಾಳಿಯ ದಿಕ್ಕು ಥಟ್ಟನೆ ತಿರುಗುಮುರುಗಾಗಿರುವುದನ್ನು ಕಂಡರು. ಆ ಗುರುತು ಮೊದಲು ಮೋಡದ ಮಧ್ಯದೆತ್ತರದಲ್ಲಿ ಮೂಡಿ, ಕೆಳಗಿಳಿದು, ಸುಂಟರಗಾಳಿಯ ಜೊತೆ ನೆಲ ಮುಟ್ಟಿ, ಅದು ಸತ್ತಾಗ ಎಲ್ಲ ಎತ್ತರಗಳಲ್ಲೂ ಅಳಿಸಿಹೋಗಿತ್ತು. 1978ರಲ್ಲಿ ಪ್ರಕಟವಾದ ಅವರ ಪ್ರಬಂಧದಿಂದ ಅದಕ್ಕೆ ಸುಂಟರಗಾಳಿ ಸುಳಿಯ ಗುರುತು ಎಂಬ ಅರ್ಥದ ಹೆಸರು ನಿಂತಿತು.

1977ರಿಂದ 1979ರವರೆಗೆ ಒಕ್ಲಹೋಮದಲ್ಲಿ ನಡೆದ ಜಂಟಿ ಡಾಪ್ಲರ್ ಪ್ರಯೋಗ, ಈ ಕುರುಹುಗಳನ್ನು ದಿನನಿತ್ಯದ ಎಚ್ಚರಿಕೆಗೆ ಬಳಸಬಹುದೆಂದು ತೋರಿಸಿಕೊಟ್ಟಿತು. 1990ರ ದಶಕದಲ್ಲಿ ಅಮೆರಿಕದಾದ್ಯಂತ ಹರಡಿದ, ಈಗ ಸುಮಾರು 160 ಡಾಪ್ಲರ್ ರೇಡಾರುಗಳಿರುವ ಜಾಲಕ್ಕೆ ತಳಹದಿ ಅದೇ. ಈ ಜಾಲ ಬಂದ ಮೇಲೆ ಎಚ್ಚರಿಕೆಗೂ ಸುಂಟರಗಾಳಿ ಬಡಿಯುವುದಕ್ಕೂ ನಡುವಿನ ಸರಾಸರಿ ಬಿಡುವು ಕೆಲವೇ ನಿಮಿಷಗಳಿಂದ 13 ನಿಮಿಷದ ಆಸುಪಾಸಿಗೆ ಏರಿತು.

ವೇಗದ ಚಿತ್ರ ಓದುವಾಗ ಒಂದು ಮೋಸವನ್ನು ನೆನಪಿಡಬೇಕು. ರೇಡಾರ್ ಅಳೆಯಬಲ್ಲ ಗರಿಷ್ಠ ವೇಗಕ್ಕೂ ಗರಿಷ್ಠ ದೂರಕ್ಕೂ ಹೊಂದಾಣಿಕೆಯಿಲ್ಲ. ಒಂದನ್ನು ಹಿಗ್ಗಿಸಿದರೆ ಇನ್ನೊಂದು ಕುಗ್ಗುತ್ತದೆ. 10 ಸೆಂಟಿಮೀಟರ್ ತರಂಗಾಂತರದಲ್ಲಿ 150 ಕಿಲೋಮೀಟರ್ ದೂರದವರೆಗೆ ಗೊಂದಲವಿಲ್ಲದೆ ನೋಡಬೇಕೆಂದರೆ, ಸೆಕೆಂಡಿಗೆ 25 ಮೀಟರಿನವರೆಗಿನ ವೇಗ ಮಾತ್ರ ನೇರವಾಗಿ ಸಿಗುತ್ತದೆ. ಅದನ್ನು ಮೀರಿದ ಗಾಳಿ ಪರದೆಯಲ್ಲಿ ವಿರುದ್ಧ ದಿಕ್ಕಿನ ಬಣ್ಣವಾಗಿ ಮಡಚಿಕೊಳ್ಳುತ್ತದೆ. ಕಂಪ್ಯೂಟರ್ ಇದನ್ನು ಬಿಡಿಸುತ್ತದಾದರೂ ಸುಂಟರಗಾಳಿಯ ಹತ್ತಿರ ವೇಗ ಹಠಾತ್ತನೆ ಬದಲಾಗುವುದರಿಂದ ತಪ್ಪುವ ಸಂಭವ ಅಲ್ಲೇ ಹೆಚ್ಚು. ಕಡುಗೆಂಪಿನ ನಡುವೆ ಒಂಟಿ ಹಸಿರು ಚುಕ್ಕೆ ಕಂಡರೆ ಅದು ನಿಜವಾದ ಸುಳಿಯೋ, ಮಡಚಿದ ವೇಗವೋ ಎಂದು ಅಕ್ಕಪಕ್ಕದ ವಾಲಿಕೆಗಳಲ್ಲಿ ತಾಳೆ ನೋಡಬೇಕಾಗುತ್ತದೆ.

ಚೂರುಗಳ ಕುರುಹು

ಮೂರನೆಯ ಬಗೆಯ ಕುರುಹು ಬಂದದ್ದು ಎರಡು ಧ್ರುವೀಕರಣಗಳ ರೇಡಾರಿನಿಂದ. ಅಡ್ಡಕ್ಕೆ ಕಂಪಿಸುವ ಅಲೆ ಮತ್ತು ಲಂಬವಾಗಿ ಕಂಪಿಸುವ ಅಲೆ ಎರಡನ್ನೂ ಕಳಿಸಿ, ಮರಳಿದ್ದನ್ನು ಹೋಲಿಸುವುದು ಇದರ ತಂತ್ರ. ದೊಡ್ಡ ಮಳೆಹನಿ ಬೀಳುವಾಗ ಬನ್ನಿನ ಹಾಗೆ ಚಪ್ಪಟೆಯಾಗುವುದರಿಂದ ಅಡ್ಡ ಅಲೆ ಹೆಚ್ಚಾಗಿ ಮರಳುತ್ತದೆ. ಉರುಳುತ್ತಾ ಬೀಳುವ ಆಲಿಕಲ್ಲಿನಿಂದ ಎರಡೂ ಸರಿಸುಮಾರು ಸಮ. ಇವೆರಡರ ಅಂತರ ಭೇದಕ ಪ್ರತಿಫಲನ. ಎರಡೂ ಅಲೆಗಳು ಸ್ಪಂದದಿಂದ ಸ್ಪಂದಕ್ಕೆ ಎಷ್ಟು ಒಂದೇ ರೀತಿ ವರ್ತಿಸುತ್ತವೆ ಎಂಬುದನ್ನು ಹೇಳುವುದು ಸಹಸಂಬಂಧ ಗುಣಾಂಕ. ಬರೀ ಮಳೆಯಿದ್ದರೆ ಅದು 0.97ಕ್ಕಿಂತ ಮೇಲಿರುತ್ತದೆ. ತಗಡು, ಹಲಗೆ, ಮರದ ಎಲೆ, ಮಣ್ಣು ಮುಂತಾದ ಅಡ್ಡಾದಿಡ್ಡಿ ಆಕಾರಗಳು ಗಾಳಿಯಲ್ಲಿ ಉರುಳಾಡುತ್ತಿದ್ದರೆ ಗುಣಾಂಕ 0.80ಕ್ಕಿಂತ ಕೆಳಗೆ ಜಾರುತ್ತದೆ.

1999ರ ಮೇ 3ರಂದು ಒಕ್ಲಹೋಮ ಸಿಟಿಯ ಹೊರವಲಯದಲ್ಲಿ ಹಾದ ಪ್ರಚಂಡ ಸುಂಟರಗಾಳಿಯ ದಾಖಲೆಗಳನ್ನು ಆಧರಿಸಿ ಅಲೆಕ್ಸಾಂಡರ್ ರಿಜ್ಕೋವ್ ಮತ್ತು ಸಂಗಡಿಗರು ಈ ಚೂರುಗಳ ಗುರುತನ್ನು ವಿವರಿಸಿದರು. 2011ರಿಂದ 2013ರ ನಡುವೆ ಅಮೆರಿಕದ ಇಡೀ ಜಾಲಕ್ಕೆ ಈ ಸೌಲಭ್ಯ ಸೇರಿತು. ಗುರುತನ್ನು ಒಪ್ಪಲು ಷರತ್ತುಗಳಿವೆ: ಪ್ರತಿಫಲನ ಸಾಕಷ್ಟು ಬಲವಾಗಿರಬೇಕು, ಗುಣಾಂಕ ಕುಸಿದಿರಬೇಕು, ಭೇದಕ ಪ್ರತಿಫಲನ ಸೊನ್ನೆಯ ಹತ್ತಿರವಿರಬೇಕು, ಇವೆಲ್ಲ ಹಸಿರು-ಕೆಂಪು ಜೋಡಿಯ ಜಾಗದಲ್ಲೇ ಇರಬೇಕು. ಕೊನೆಯ ಷರತ್ತು ಮುಖ್ಯ. ಮಳೆಯಿಲ್ಲದ ಅಂಚಿನಲ್ಲಿ ಹಾರುವ ಕೀಟಗಳಿಂದಲೂ ಹಕ್ಕಿಗಳಿಂದಲೂ ಗುಣಾಂಕ ಕುಸಿಯುತ್ತದೆ. ಷರತ್ತುಗಳೆಲ್ಲ ಕೂಡಿಬಂದರೆ ಸುಂಟರಗಾಳಿ ನೆಲದ ಮೇಲಿದೆ, ಹಾನಿ ಮಾಡುತ್ತಿದೆ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ರಾತ್ರಿ ಹೊತ್ತಿನಲ್ಲಿ, ಮಳೆಯ ತೆರೆಯ ಹಿಂದೆ, ಕಣ್ಣಿಗೆ ಕಾಣದ ಸುಂಟರಗಾಳಿಯನ್ನು ಖಚಿತಪಡಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಇದು ಮುನ್ಸೂಚನೆಯಲ್ಲ. ಚೂರು ಹಾರಬೇಕಾದರೆ ಏನೋ ಒಂದು ಆಗಲೇ ಒಡೆದಿರಬೇಕು.

ಮೂರ್ ನಗರ, 2013ರ ಮೇ 20

ಮೂರೂ ಬಗೆಯ ಕುರುಹುಗಳು ಸಾಲಾಗಿ ಬಂದ ಪ್ರಸಂಗಕ್ಕೆ ಒಕ್ಲಹೋಮದ ಮೂರ್ ನಗರವನ್ನು 2013ರ ಮೇ 20ರಂದು ಸೀಳಿದ ಸುಂಟರಗಾಳಿ ಉದಾಹರಣೆ. ಆ ಮಧ್ಯಾಹ್ನ ಬೆಳೆದ ಸೂಪರ್‌ಸೆಲ್‌ನಲ್ಲಿ ತಿರುಗುವಿಕೆ ಬಿಗಿಯಾಗುತ್ತಿರುವುದನ್ನು ಕಂಡು ರಾಷ್ಟ್ರೀಯ ಹವಾಮಾನ ಸೇವೆಯ ನಾರ್ಮನ್ ಕಚೇರಿ 2 ಗಂಟೆ 40 ನಿಮಿಷಕ್ಕೆ ಎಚ್ಚರಿಕೆ ಹೊರಡಿಸಿತು. ಸುಂಟರಗಾಳಿ ನೆಲ ಮುಟ್ಟಿದ್ದು 2 ಗಂಟೆ 56 ನಿಮಿಷಕ್ಕೆ. ಐದು ನಿಮಿಷದ ಬಳಿಕ, 3 ಗಂಟೆ 1 ನಿಮಿಷಕ್ಕೆ, ಎಚ್ಚರಿಕೆಯನ್ನು ಅತ್ಯುನ್ನತ ದರ್ಜೆಗೆ ಏರಿಸಲಾಯಿತು. ಅದು ಮೂರ್ ಕಡೆಗೆ ಸಾಗಿದಂತೆ ಕೊಕ್ಕೆಯ ತುದಿಯಲ್ಲಿ ದುಂಡನೆಯ ಬಲವಾದ ಪ್ರತಿಫಲನ, ಅದೇ ಜಾಗದಲ್ಲಿ ಒಂದಕ್ಕೊಂದು ತಾಗಿದ ಹಸಿರು-ಕೆಂಪು, ಅಲ್ಲೇ ಗುಣಾಂಕದ ಆಳವಾದ ಕುಸಿತ, ಮೂರೂ ಒಂದರ ಮೇಲೊಂದು ಕೂತಿದ್ದವು. ಸುಂಟರಗಾಳಿ ಸುಮಾರು 40 ನಿಮಿಷ ನೆಲದ ಮೇಲಿದ್ದು, 22 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಾಗಿತು. ಅದರ ಗರಿಷ್ಠ ಅಗಲ ಒಂದೂವರೆ ಕಿಲೋಮೀಟರ್ ಮೀರಿತ್ತು. 24 ಮಂದಿ ಸತ್ತರು. ಜಾಲದ ರೇಡಾರ್ ನಗರದ ಹತ್ತಿರದಲ್ಲೇ ಇದ್ದದ್ದರಿಂದ ಕಿರಣ ನೆಲದಿಂದ ಹೆಚ್ಚು ಎತ್ತರದಲ್ಲಿರಲಿಲ್ಲ. ಎಲ್ಲ ಕುರುಹುಗಳೂ ಅಷ್ಟು ಸ್ಪಷ್ಟವಾಗಿ ಸಿಗಲು ಇದೇ ಮುಖ್ಯ ಕಾರಣ.

ದೂರ, ಕಾಲ ಮತ್ತು ಹುಸಿ ಎಚ್ಚರಿಕೆ

ರೇಡಾರಿನಿಂದ ದೂರ ಹೋದಂತೆ ಭೂಮಿಯ ಬಾಗುವಿಕೆಯಿಂದಾಗಿ ಕಿರಣ ನೆಲದಿಂದ ಮೇಲೇರುತ್ತ ಹೋಗುತ್ತದೆ. 0.5 ಡಿಗ್ರಿ ವಾಲಿಕೆಯ ಕಿರಣದ ನಡುಭಾಗ 100 ಕಿಲೋಮೀಟರ್ ದೂರದಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. 200 ಕಿಲೋಮೀಟರ್ ದೂರದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಮೇಲೆ. ಅಷ್ಟು ದೂರದಲ್ಲಿ ಕೊಕ್ಕೆಯ ಬುಡವೂ ನೆಲದ ಹತ್ತಿರದ ಸುಳಿಯೂ ಕಿರಣದ ಕೆಳಗೇ ಉಳಿಯುತ್ತವೆ. ಮಧ್ಯದೆತ್ತರದ ಮೀಸೊಸೈಕ್ಲೋನ್ ಮಾತ್ರ ಕಾಣಬಹುದು. ಅದೊಂದನ್ನೇ ನಂಬುವಂತಿಲ್ಲ. ಡಾಪ್ಲರ್ ಜಾಲದ ದಾಖಲೆಗಳ ಅಧ್ಯಯನದಲ್ಲಿ, ಮೀಸೊಸೈಕ್ಲೋನ್‌ಗಳಲ್ಲಿ ಸುಂಟರಗಾಳಿ ಹೆತ್ತವು ಕಾಲು ಭಾಗದಷ್ಟು ಮಾತ್ರ ಎಂದು ಕಂಡುಬಂದಿದೆ. ಅಮೆರಿಕದಲ್ಲಿ ಹೊರಡುವ ಸುಂಟರಗಾಳಿ ಎಚ್ಚರಿಕೆಗಳಲ್ಲಿ ಬಹುಪಾಲು ಹುಸಿಯಾಗುವುದಕ್ಕೆ ಇದೂ ಒಂದು ಕಾರಣ. ಮೇಲಿನ ತಿರುಗುವಿಕೆ ನೆಲಕ್ಕೆ ಯಾವಾಗ ಇಳಿಯುತ್ತದೆ, ಯಾವಾಗ ಇಳಿಯುವುದಿಲ್ಲ ಎಂಬುದು ಇಳಿಗಾಳಿಯ ತಂಪು, ನೆಲಮಟ್ಟದ ತೇವ ಮೊದಲಾದವುಗಳನ್ನೂ ಅವಲಂಬಿಸಿದೆ. ಇವು ರೇಡಾರಿಗೆ ನೇರವಾಗಿ ಕಾಣುವುದಿಲ್ಲ.

ಕಾಲದ ಮಿತಿಯೂ ಇದೆ. ಸಾಲುಗಟ್ಟಿ ಸಾಗುವ ಗುಡುಗುಮೋಡಗಳಲ್ಲಿ ನಡುಭಾಗ ಮುಂದಕ್ಕೆ ಉಬ್ಬಿ ಬಿಲ್ಲಿನಾಕಾರ ತಾಳುವುದುಂಟು. ಅದರ ಮುಂಚೂಣಿಯಲ್ಲಿ ಹುಟ್ಟುವ ಸುಂಟರಗಾಳಿಗಳು ಕೆಲವೇ ನಿಮಿಷ ಇದ್ದು ಹೋಗುತ್ತವೆ. ರೇಡಾರ್ ಒಂದು ಪೂರ್ತಿ ಸುತ್ತು ಮುಗಿಸುವಷ್ಟರಲ್ಲಿ ಜೋಡಿ ಬಣ್ಣ ಮೂಡಿ ಮಾಯವಾಗಿರಬಹುದು. ಇದಕ್ಕೆಂದೇ ಅತಿ ಕೆಳಗಿನ ವಾಲಿಕೆಯನ್ನು ಸುತ್ತಿನ ನಡುವೆ ಮತ್ತೆ ಮತ್ತೆ ನೋಡುವ ಕ್ರಮ ಜಾರಿಗೆ ಬಂದಿದೆ. ಆಂಟೆನಾ ತಿರುಗಿಸದೆ ಕಿರಣವನ್ನಷ್ಟೇ ವಿದ್ಯುನ್ಮಾನವಾಗಿ ಸರಿಸುವ ರೇಡಾರುಗಳ ಪ್ರಯೋಗ ನಾರ್ಮನ್‌ನಲ್ಲಿ ನಡೆಯುತ್ತಿದೆ. ಇನ್ನು ಮೀಸೊಸೈಕ್ಲೋನ್ ಇಲ್ಲದೆ, ನೆಲದ ಮೇಲಿನ ಸಣ್ಣ ಸುಳಿಯನ್ನು ಬೆಳೆಯುತ್ತಿರುವ ಮೋಡ ಮೇಲಕ್ಕೆ ಹಿಗ್ಗಿಸಿ ಹುಟ್ಟುವ ದುರ್ಬಲ ಸುಂಟರಗಾಳಿಗಳು ರೇಡಾರಿಗೆ ಬಹುಮಟ್ಟಿಗೆ ಸಿಗುವುದೇ ಇಲ್ಲ.

ಭಾರತ ಉಪಖಂಡದಲ್ಲಿ

ಉಪಖಂಡದಲ್ಲಿ ಸುಂಟರಗಾಳಿಯ ನೆಲ ಎಂದರೆ ಗಂಗೆಯ ಬಯಲಿನ ಪೂರ್ವಭಾಗ, ಬಂಗಾಳ, ಒಡಿಶಾ ಕರಾವಳಿ ಮತ್ತು ಬಾಂಗ್ಲಾದೇಶ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ನೆಲಮಟ್ಟದಲ್ಲಿ ಬಂಗಾಳಕೊಲ್ಲಿಯ ತೇವದ ಗಾಳಿ, ಮೇಲೆ ರಭಸದ ಪಶ್ಚಿಮದ ಗಾಳಿ ಒಟ್ಟಿಗೆ ಇರುತ್ತವೆ. ಸೂಪರ್‌ಸೆಲ್‌ಗೆ ಬೇಕಾದದ್ದು ಇದೇ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ–ಸಾಟುರಿಯಾ ಪ್ರದೇಶವನ್ನು ನೆಲಸಮ ಮಾಡಿದ ಸುಂಟರಗಾಳಿ ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದದ್ದೆಂದು ದಾಖಲಾಗಿದೆ; ಸತ್ತವರ ಅಂದಾಜು ಸಾವಿರ ಮೀರುತ್ತದೆ. 2009ರ ಮಾರ್ಚ್ 31ರಂದು ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ರಾಜಕನಿಕಾದಲ್ಲೂ ಜೀವಹಾನಿ ಮಾಡಿದ ಸುಂಟರಗಾಳಿ ಬೀಸಿತ್ತು.

ಭಾರತ ಹವಾಮಾನ ಇಲಾಖೆ 2002ರಲ್ಲಿ ಚೆನ್ನೈನಲ್ಲಿ ಡಾಪ್ಲರ್ ರೇಡಾರ್ ಸ್ಥಾಪಿಸಿತು. ಚಂಡಮಾರುತಗಳ ನಿಗಾ ಅದರ ಮೊದಲ ಉದ್ದೇಶ. ಬಳಿಕ ಜಾಲ ಹಲವು ರಾಜ್ಯಗಳಿಗೆ ಹರಡಿದೆ. ದೂರದ ಮಿತಿ ಎಂಥದ್ದೆಂಬುದಕ್ಕೆ ಕರ್ನಾಟಕದ ಉದಾಹರಣೆ ಸಾಕು. ಚೆನ್ನೈನಿಂದ ಬೆಂಗಳೂರು ಸುಮಾರು 290 ಕಿಲೋಮೀಟರ್. 0.5 ಡಿಗ್ರಿಯ ಕಿರಣ ಅಲ್ಲಿಂದ ಬೆಂಗಳೂರಿನ ಮೇಲೆ ಹಾಯುವಾಗ ಸಮುದ್ರಮಟ್ಟದಿಂದ ಏಳು ಕಿಲೋಮೀಟರಿಗೂ ಎತ್ತರದಲ್ಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಬುಡ ಕಾಣುವುದಿಲ್ಲ. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಗುಡುಗುಮಳೆಯಲ್ಲಿ ದಕ್ಷಿಣ ಒಳನಾಡಿನಲ್ಲಿ ಮೇಲಿನ ಗಾಳಿ ಸಾಮಾನ್ಯವಾಗಿ ನಿಧಾನವಾಗಿರುವುದರಿಂದ ಸೂಪರ್‌ಸೆಲ್ ಅಪರೂಪ. ಮರ ಉರುಳಿಸಿ ತಗಡು ಹಾರಿಸುವ ಹಾನಿಯಲ್ಲಿ ಹೆಚ್ಚಿನದು ಮೋಡದಿಂದ ಕುಸಿದು ನೆಲದ ಮೇಲೆ ಹರಡುವ ಗಾಳಿಯದು. ಅದರ ಗುರುತು ಹಿಂದೆ ಹೇಳಿದಂತೆ ಒಂದರ ಹಿಂದೊಂದು ನಿಂತ ಬಣ್ಣಗಳು; ಅದು ನೆಲಕ್ಕೆ ಹತ್ತಿರದಲ್ಲೇ ನಡೆಯುವುದರಿಂದ ಹತ್ತಿರದ ರೇಡಾರಿಗೆ ಮಾತ್ರ ಸಿಗುತ್ತದೆ.

ಓದಿನ ಕ್ರಮ

ಪರದೆಯ ಮುಂದೆ ಕೂತ ಮುನ್ಸೂಚಕರು ಅನುಸರಿಸುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು, ಆ ದಿನದ ಗಾಳಿ ಮತ್ತು ತೇವ ಸೂಪರ್‌ಸೆಲ್‌ಗೆ ಅನುಕೂಲವಾಗಿದೆಯೇ ಎಂದು ನೋಡುವುದು. ಆಮೇಲೆ ಮೋಡದ ಮಧ್ಯದೆತ್ತರದಲ್ಲಿ ಟೊಳ್ಳು ಮತ್ತು ತಿರುಗುವಿಕೆ ಇವೆಯೇ, ಅವು ಎರಡು ಮೂರು ಸುತ್ತು ನಿಲ್ಲುತ್ತವೆಯೇ ಎಂದು ಗಮನಿಸುವುದು. ನಂತರ ಕೆಳಗಿನ ವಾಲಿಕೆಯಲ್ಲಿ ಕೊಕ್ಕೆ, ಕೊರಕಲು ಮತ್ತು ಜೋಡಿ ಬಣ್ಣ ಒಂದೇ ಕಡೆ ಸೇರುತ್ತಿವೆಯೇ, ಜೋಡಿಯ ಅಗಲ ಕುಗ್ಗಿ ವೇಗ ಏರುತ್ತಿದೆಯೇ ಎಂದು ಹೋಲಿಸುವುದು. ಎಚ್ಚರಿಕೆ ಹೊರಡಬೇಕಾದದ್ದು ಈ ಹಂತದಲ್ಲಿ. ಕೊನೆಗೆ ಚೂರುಗಳ ಗುರುತಿನಿಂದ, ನೆಲದ ಮೇಲಿನ ವೀಕ್ಷಕರ ವರದಿಯಿಂದ ಅದನ್ನು ದೃಢಪಡಿಸಿ, ಸುಂಟರಗಾಳಿಯ ದಾರಿಯಲ್ಲಿರುವ ಮುಂದಿನ ಊರುಗಳಿಗೆ ಎಚ್ಚರಿಕೆಯ ತೀವ್ರತೆಯನ್ನು ಏರಿಸುವುದು. ಒಂದೊಂದು ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ದೂರದಲ್ಲಿ ಕಿರಣ ಮೋಡದ ಯಾವ ಎತ್ತರವನ್ನು ತೋರಿಸುತ್ತಿದೆ, ಯಾವುದನ್ನು ಬಿಡುತ್ತಿದೆ. ಕುರುಹು ಕಾಣದಿರುವುದಕ್ಕೆ ಕಿರಣ ಅಲ್ಲಿಗೆ ತಲಪದಿರುವುದೂ ಕಾರಣವಿರಬಹುದಾದ್ದರಿಂದ, ದೂರದ ಮೋಡದ ವಿಷಯದಲ್ಲಿ ಅದನ್ನು ಅಪಾಯವಿಲ್ಲ ಎಂದು ಓದುವಂತಿಲ್ಲ.